ಕೈನಡಿಗೆಯ ಲೆಕ್ಕ

ಕಂಪ್ಯೂಟರಿನ ಹೊಸ ಕಾರ್ಡು ಬಂದ ದಿನವೇ ಅಣ್ಣನ ಬಲಗೈ ಹೆಬ್ಬೆರಳಿನ ಬುಡ ಕುಯ್ದುಹೋಯಿತು. ಹೊಸದರಿಂದಲ್ಲ, ಹಳೆಯದರಿಂದ. ಹಳೆಯ ಕಾರ್ಡೊಂದರ ಫ್ಯಾನು ಬಿಚ್ಚಿ ಒಳಗಿನ ಧೂಳು ತೆಗೆಯುತ್ತಿದ್ದ. ಶಾಖ ಹೀರಲೆಂದು ಸಾಲಾಗಿ ಜೋಡಿಸಿದ ಅಲ್ಯೂಮಿನಿಯಂ ರೆಕ್ಕೆಗಳು ಅದರೊಳಗೆ ಇರುತ್ತವೆ. ನೋಡಲಿಕ್ಕೆ ಪುಸ್ತಕದ ಹಾಳೆಗಳ ಹಾಗೆ, ಮುಟ್ಟಿದರೆ ಬ್ಲೇಡು. ಬಟ್ಟೆ ಜಾರಿತು, ಜೊತೆಗೆ ಕೈಯೂ ಜಾರಿತು. "ಏನೂ ಆಗಿಲ್ಲ, ಏನೂ ಆಗಿಲ್ಲ" ಅನ್ನುತ್ತಲೇ ಕೀಬೋರ್ಡಿನ ತುಂಬ ರಕ್ತ ಸುರಿಸಿದ. ಹೊಲಿಗೆ ಹಾಕಿದ ಡಾಕ್ಟರು, ಅದನ್ನು ಬಿಚ್ಚುವವರೆಗೆ ಮೌಸ್ ಮುಟ್ಟಬಾರದು ಅಂತ ಖಡಾಖಂಡಿತವಾಗಿ ಹೇಳಿದರು.

"ಮತ್ತೆ ನಾನೇನು ಮಾಡ್ಲಿ?" ಅಂತ ಅಣ್ಣ ಕೇಳಿದ.

"ಸುಮ್ಮನೆ ಕೂತ್ಕೊಳ್ಳಿ" ಅಂದರು ಡಾಕ್ಟರು.

ನಮ್ಮಣ್ಣನಿಗೆ ಸುಮ್ಮನೆ ಕೂರು ಅನ್ನುವುದೂ ಒಂದೇ, ಉಸಿರಾಡಬೇಡ ಅನ್ನುವುದೂ ಒಂದೇ.

ನಾವಿಬ್ಬರೂ ಮಾಡುವ ಕೆಲಸ ಹೀಗಿದೆ. ಕಂಪ್ಯೂಟರಿನಲ್ಲಿ ಆಟದ ಚಿತ್ರಗಳನ್ನು ಮೂಡಿಸುವ ಭಾಗಕ್ಕೆ ಗ್ರಾಫಿಕ್ಸ್ ಕಾರ್ಡ್ ಅನ್ನುತ್ತಾರೆ. ಯಾವ ಕಾರ್ಡು ಕೊಳ್ಳೋದು ಅಂತ ಎಷ್ಟೋ ಜನ ತಲೆ ಕೆಡಿಸಿಕೊಂಡಿರುತ್ತಾರೆ. ಪೆಟ್ಟಿಗೆಯ ಮೇಲೆ ಕಂಪನಿಯವರು ಬರೆದದ್ದನ್ನೆಲ್ಲ ನಂಬುವ ಹಾಗಿಲ್ಲ. ನಾವು ಆ ಕಾರ್ಡುಗಳನ್ನು ಒಂದೇ ಕಂಪ್ಯೂಟರಿಗೆ ಒಂದಾದ ಮೇಲೊಂದು ಹಾಕಿ, ಒಂದೇ ಕೆಲಸ ಕೊಟ್ಟು, ಸೆಕೆಂಡಿಗೆ ಎಷ್ಟು ಫ್ರೇಮ್ ಮೂಡಿಸುತ್ತೆ ಅಂತ ಅಳೆದು ಹೇಳುತ್ತೇವೆ. ಫ್ರೇಮ್ ಅಂದರೆ ಒಂದು ಪೂರ್ತಿ ಚಿತ್ರ. ಅದು ಜಾಸ್ತಿಯಾದಷ್ಟೂ ಆಟ ನುಣ್ಣಗೆ ಓಡುತ್ತದೆ. ಅಣ್ಣ ಅಳೆಯುತ್ತಾನೆ, ಬರೆಯುತ್ತಾನೆ. ನಾನು ವಿಡಿಯೋ ಮಾಡಿ ನಮ್ಮ ವೆಬ್‌ಸೈಟಿಗೆ ಹಾಕುತ್ತೇನೆ. ಓದುಗರು ಅವನಿಗೆ ಮೀಟರಣ್ಣ ಅಂತ ಹೆಸರಿಟ್ಟಿದ್ದಾರೆ. ಬೇರೆಯವರು ಏನೇ ಬರೆಯಲಿ, "ಮೀಟರಣ್ಣ ಏನಂತಾನೆ ನೋಡೋಣ" ಅಂತ ಕಾಯುವವರು ಇದ್ದಾರೆ. ಆ ಮಾತನ್ನು ಓದಿದಾಗಲೆಲ್ಲ ಅಣ್ಣ ಮೂಗು ಮುರಿಯುತ್ತಾನೆ, ಆದರೆ ಎರಡು ಸಲ ಓದುತ್ತಾನೆ.

ನಮ್ಮ ಕೋಣೆ ಇರುವುದು ಒಂದು ಲಾಂಡ್ರಿಯ ಮೇಲೆ. ಕೆಳಗೆ ಬಟ್ಟೆ ಒಗೆಯುವ ಯಂತ್ರಗಳು ಗುರ್ ಅನ್ನುತ್ತಿರುತ್ತವೆ, ಇಸ್ತ್ರಿಯ ಹಬೆ ಮೆಟ್ಟಿಲು ಹತ್ತಿ ಬರುತ್ತದೆ. ಒಂದು ಉದ್ದ ಮೇಜು, ಅದರ ಮೇಲೆ ಮೈಮೇಲೆ ಬಟ್ಟೆಯಿಲ್ಲದ ಕಂಪ್ಯೂಟರು, ಅಂದರೆ ಡಬ್ಬಿಯಿಲ್ಲದೆ ಎಲ್ಲ ಭಾಗಗಳೂ ಹೊರಗೆ ಕಾಣುವಂಥದ್ದು. ಗೋಡೆಯ ಕಪಾಟಿನಲ್ಲಿ ಕಾರ್ಡುಗಳು ಸ್ಪಂಜಿನ ಮೇಲೆ ಮಲಗಿರುತ್ತವೆ. ಕೋಣೆಯ ಉಷ್ಣತೆ ಏರುಪೇರಾಗಬಾರದೆಂದು ಕಿಟಕಿಗೆ ಪಟ್ಟಿ ಅಂಟಿಸಿ ಮುಚ್ಚಿದ್ದೇವೆ.

ಎಲ್ಲ ಪರೀಕ್ಷೆಗಳೂ ಒಂದೇ ತರ ಅಲ್ಲ. ಕೆಲವು ಆಟಗಳಲ್ಲಿ ಪರೀಕ್ಷೆ ಒಳಗೇ ಇರುತ್ತೆ. ಗುಂಡಿ ಒತ್ತಿದರೆ ಸಾಕು, ದೃಶ್ಯ ತಾನಾಗಿ ಓಡಿ ಕೊನೆಯಲ್ಲಿ ಅಂಕಿ ಕೊಡುತ್ತೆ. ಅಣ್ಣನಿಗೆ ಅದರ ಮೇಲೆ ನಂಬಿಕೆ ಕಡಿಮೆ. "ಪ್ರಶ್ನೆಪತ್ರಿಕೆ ಮೊದಲೇ ಗೊತ್ತಿದ್ರೆ ಯಾರು ಬೇಕಾದ್ರೂ ಪಾಸಾಗ್ತಾರೆ" ಅನ್ನುತ್ತಿದ್ದ. ಅವನಿಗೆ ಬೇಕಾದದ್ದು, ಮನುಷ್ಯ ಕೈಯಾರೆ ಆಟದೊಳಗೆ ನಡೆದು ಅಳೆಯುವ ಪರೀಕ್ಷೆ. ಅದಕ್ಕೆ ಅವನೇ ಕೈನಡಿಗೆ ಅಂತ ಹೆಸರಿಟ್ಟಿದ್ದ. ಒಂದು ಆಟದಲ್ಲಿ ದೊಡ್ಡ ಊರೊಂದಿದೆ. ಬಂದರಿನ ಮೆಟ್ಟಿಲಿಂದ ಹೊರಟು, ಸಂತೆ ದಾಟಿ, ಸೇತುವೆ ಹತ್ತಿ, ಗೋಪುರದ ಬಾಗಿಲಿಗೆ ಬಂದು ನಿಲ್ಲಬೇಕು. ಒಂದೇ ದಾರಿ, ಒಂದೇ ವೇಗ. ಮೂರು ಸಲ ನಡೆದು ಸರಾಸರಿ ತೆಗೆಯುವುದು. ನಮ್ಮ ಕಪಾಟಿನಲ್ಲಿರುವ ಎಲ್ಲ ಕಾರ್ಡುಗಳೂ ಆ ಊರಿನಲ್ಲಿ ಅಣ್ಣನ ಕೈಹಿಡಿದು ನಡೆದು ಬಂದವೇ.

ಈ ಸಲ ನಡೆಯಬೇಕಾದವಳು ನಾನು.

"ದಾರಿ ಗೊತ್ತಲ್ಲ?" ಅಂದ ಅಣ್ಣ, ಬ್ಯಾಂಡೇಜು ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು.

"ನಿದ್ದೇಲೂ ನಡೀತೀನಿ. ನೀನು ಪಕ್ಕದಲ್ಲಿ ಕೂತು ನೋಡು."

ಅವನು ಹೆಚ್ಚು ಹೊತ್ತು ಕೂರಲಿಲ್ಲ. ನಾನು ಮೆಟ್ಟಿಲಿಳಿದು ಸಂತೆಗೆ ಕಾಲಿಟ್ಟೆನೋ ಇಲ್ಲವೋ, ಎದ್ದು ಕಿಟಕಿಯ ಹತ್ತಿರ ಹೋಗಿ ನನ್ನ ಕಡೆ ಬೆನ್ನು ಹಾಕಿ ನಿಂತ. ಆಮೇಲೆ ಬಾಗಿಲಿಗೆ ಹೋದ. ಆಮೇಲೆ ಲೋಟ ತೊಳೆಯಲಿಕ್ಕೆ ಹೋದ, ಒಂದೇ ಕೈಯಲ್ಲಿ. ಕೈ ಕಟ್ಟಿಹಾಕಿದ ಹಾಗಾಗಿದೆ, ಅದಕ್ಕೇ ಚಡಪಡಿಸುತ್ತಿದ್ದಾನೆ ಅಂದುಕೊಂಡೆ.

ಮೂರು ನಡಿಗೆ ಮುಗಿದು ಸರಾಸರಿ ಬಂತು. ಎಂಬತ್ತೇಳು.

"ಎಷ್ಟು?" ಅಂದ ಅಣ್ಣ ಸಿಂಕಿನ ಹತ್ತಿರದಿಂದಲೇ.

"ಎಂಬತ್ತೇಳು."

"ತಮಾಷೆ ಬೇಡ, ಪುಟ್ಟಿ."

ತಮಾಷೆಯಲ್ಲ. ಇದೇ ಕಂಪನಿಯ ಹೋದ ವರ್ಷದ ಕಾರ್ಡು ಇದೇ ದಾರಿಯಲ್ಲಿ ತೊಂಬತ್ತನಾಲ್ಕು ಕೊಟ್ಟಿತ್ತು. ಹೊಸದು ಹಳೆಯದಕ್ಕಿಂತ ನಿಧಾನ ಅಂದರೆ ಅದು ಸುದ್ದಿ. ಅದು ತಪ್ಪಾಗಿದ್ದರೆ ಅದಕ್ಕಿಂತ ದೊಡ್ಡ ಸುದ್ದಿ, ನಮ್ಮ ಮುಖಕ್ಕೆ ಮಸಿ ಬಳಿಯುವಂಥದ್ದು. ಮೇಲಾಗಿ ಗುಂಡಿ ಒತ್ತಿದರೆ ಓಡುವ ಪರೀಕ್ಷೆಗಳಲ್ಲೆಲ್ಲ ಇದೇ ಹೊಸ ಕಾರ್ಡು ಹಳೆಯದನ್ನು ಸಲೀಸಾಗಿ ಹಿಂದೆ ಹಾಕುತ್ತಿತ್ತು. ಕೈನಡಿಗೆಯಲ್ಲಿ ಮಾತ್ರ ಮುಗ್ಗರಿಸುತ್ತಿತ್ತು.

ಮಾರನೆ ದಿನದಿಂದ ನಮ್ಮ ಕೋಣೆಗೆ ನೆಮ್ಮದಿ ಅನ್ನುವುದೇ ಇಲ್ಲವಾಯಿತು. ಕಾರ್ಡು ನಡೆಸುವ ಡ್ರೈವರ್ ಅನ್ನುವ ತಂತ್ರಾಂಶವನ್ನು ಅಳಿಸಿ ಹೊಸದಾಗಿ ಹಾಕಿದೆವು. ಎಂಬತ್ತಾರು. ಕರೆಂಟು ಕೊಡುವ ಪೆಟ್ಟಿಗೆ ಬದಲಾಯಿಸಿದೆವು. ಎಂಬತ್ತೇಳು. ಲಾಂಡ್ರಿಯ ಶಾಖ ನೆಲದಿಂದ ಏರುತ್ತಿದೆ ಅಂತ ಅಣ್ಣನಿಗೆ ಅನುಮಾನ ಬಂದು ಮೇಜಿನ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟ. ಆಮೇಲೆ ಕೆಳಗೆ ಹೋಗಿ, ಒಂದು ಗಂಟೆ ಇಸ್ತ್ರಿ ನಿಲ್ಲಿಸ್ತೀರಾ ಅಂತ ಲಾಂಡ್ರಿಯವರನ್ನೇ ಕೇಳಿದ. ಅವರು ಇವನನ್ನೂ ಇವನ ಬ್ಯಾಂಡೇಜನ್ನೂ ನೋಡಿ, "ಸ್ವಲ್ಪ ನೀರು ಕುಡೀತೀರಾ?" ಅಂದರಂತೆ. ಕಂಪ್ಯೂಟರಿನ ಎಲ್ಲವನ್ನೂ ಅಳಿಸಿ ಮೊದಲಿಂದ ತುಂಬಿದೆವು. ಮತ್ತೆ ಎಂಬತ್ತೇಳು.

ನಾನು ನಡೆಯುವಾಗಲೆಲ್ಲ ಅಣ್ಣ ಕೋಣೆಯೊಳಗೆ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದ. ಪರದೆಯ ಮೇಲೆ ಒಂದು ಕ್ಷಣ ಕಣ್ಣು ಹಾಯಿಸಿ ತಟ್ಟನೆ ಮುಖ ತಿರುಗಿಸುತ್ತಿದ್ದ.

"ನನ್ನ ಮೇಲೆ ನಂಬಿಕೆ ಇಲ್ಲದಿದ್ರೆ ಹೇಳಿಬಿಡು" ಅಂದೆ ಒಂದು ಸಲ.

"ನಂಬಿಕೆ ಪ್ರಶ್ನೆ ಅಲ್ಲ. ನೀನು ನಡೆಯೋದು ನೋಡಿದ್ರೆ ನನಗೆ ಹೊಟ್ಟೆ ತೊಳಸುತ್ತೆ."

ನಾನು ಅದನ್ನು ಬೈಗುಳ ಅಂತಲೇ ತಗೊಂಡೆ.

ಅಣ್ಣ ಕಂಪನಿಗೆ ಫೋನು ಮಾಡಿದ. ಪ್ರಚಾರದ ಕೆಲಸ ನೋಡಿಕೊಳ್ಳುವ ಹೆಂಗಸಿನದು ಬೆಣ್ಣೆಯಂಥ ದನಿ. "ಬೇರೆ ಯಾರಿಗೂ ಹೀಗಾಗಿಲ್ಲ ಸರ್. ನಿಮ್ಮ ಕಡೆ ಒಂದು ಸಲ ನೋಡಿ. ಆದ್ರೂ ಇನ್ನೊಂದು ಕಾರ್ಡು ಕಳಿಸ್ತೀನಿ" ಅಂದಳು. ಕಳಿಸಿದಳು ಕೂಡ. ಅದೂ ಎಂಬತ್ತೇಳೇ ಕೊಟ್ಟಿತು. ಕಂಪನಿಯ ಷರತ್ತಿನ ಪ್ರಕಾರ, ಕಾರ್ಡಿನ ಬಗ್ಗೆ ಇಂಥ ದಿನ ಬೆಳಗ್ಗೆಯವರೆಗೆ ಯಾರೂ ಬಾಯಿ ಬಿಡುವಂತಿರಲಿಲ್ಲ. ಆ ಬೆಳಗ್ಗೆ ಎಲ್ಲರೂ ಒಟ್ಟಿಗೆ ಪ್ರಕಟಿಸುತ್ತಾರೆ. ಆ ದಿನ ಹತ್ತಿರ ಬರುತ್ತಿತ್ತು.

ಅತ್ತಿಗೆ ಡ್ರೈವಿಂಗ್ ಕಲಿಸುವವರು. ಕೆಲಸ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಅಣ್ಣನನ್ನು ಕರೆದೊಯ್ಯಲು ನಮ್ಮ ಕೋಣೆಗೆ ಬರುತ್ತಾರೆ. ಅವತ್ತು ಬಂದು ಬಾಗಿಲಲ್ಲಿ ನಿಂತು, ಇಟ್ಟಿಗೆಯ ಮೇಲೆ ನಿಂತ ಮೇಜನ್ನು ನೋಡಿದರು.

"ಏನು ತೊಂದರೆ ಇನ್ನೂ?"

"ಡ್ರೈವರ್ ಸರಿಯಿಲ್ಲ ಅನ್ಸುತ್ತೆ" ಅಂದ ಅಣ್ಣ.

"ನಾನು ದಿನಾ ಅದೇ ಮಾತು ಹೇಳ್ತಿರ್ತೀನಿ" ಅಂದರು ಅತ್ತಿಗೆ.

ನನಗೆ ನಗು ಬಂತು, ಅಣ್ಣನಿಗೆ ಬರಲಿಲ್ಲ. ಕೈಗೆ ಹೊಲಿಗೆ ಬಿದ್ದಾಗಿನಿಂದ ಕಾರು ಓಡಿಸುವುದು ಅತ್ತಿಗೆಯೇ. ಮೊದಲು ಹಾಗಿರಲಿಲ್ಲ. "ಊರಿಗೆಲ್ಲ ಕಲಿಸೋಳು ನಾನು, ನಮ್ಮನೆ ಕಾರು ಓಡಿಸೋದು ಮಾತ್ರ ಇವರು" ಅಂತ ಅವರು ಯಾವಾಗಲೂ ಆಡಿಕೊಳ್ಳುತ್ತಿದ್ದರು. ಗಂಡಸರ ಜಂಬ ಅಂತ ನಾನು ಅಂದುಕೊಂಡಿದ್ದೆ.

"ನಾನು ನಡಕೊಂಡೇ ಬರ್ತೀನಿ" ಅಂದ ಅಣ್ಣ.

"ಇವತ್ತೂನಾ? ಅಷ್ಟು ದೂರ?"

"ಕೂತು ಕೂತು ಕಾಲು ಜಡ್ಡುಗಟ್ಟಿದೆ."

ಇಡೀ ದಿನ ಒಂದು ಗಳಿಗೆಯೂ ಕೂತಿರಲಿಲ್ಲ ಅವನು. ಅತ್ತಿಗೆ ನನ್ನ ಮುಖ ನೋಡಿದರು, ನಾನು ಅತ್ತಿಗೆಯ ಮುಖ ನೋಡಿದೆ. ಅವನಾಗಲೇ ಮೆಟ್ಟಿಲಿಳಿದಾಗಿತ್ತು.

ಬ್ಯಾಂಡೇಜು ಬದಲಾಯಿಸಿಕೊಳ್ಳಲು ಅಣ್ಣ ಆಸ್ಪತ್ರೆಗೆ ಹೋದ ಮಧ್ಯಾಹ್ನ ನಾನೊಬ್ಬಳೇ ಇದ್ದೆ. ಹೋದ ವರ್ಷದ ಕಾರ್ಡನ್ನು ಕಪಾಟಿನಿಂದ ತೆಗೆದೆ. ಅದನ್ನು ಇನ್ನೊಮ್ಮೆ ಅಳೆಯೋಣ ಅಂತ ನಾನು ಮೊದಲೇ ಕೇಳಿದ್ದೆ. "ಅದರ ಲೆಕ್ಕ ಮುಗಿದಿದೆ, ಅದನ್ಯಾಕೆ ಕೆದಕ್ತೀಯ" ಅಂತ ಅಣ್ಣ ತಡೆದಿದ್ದ. ಈಗ ತಡೆಯುವವರಿರಲಿಲ್ಲ. ಕಾರ್ಡು ಹಾಕಿ, ಬಂದರಿನ ಮೆಟ್ಟಿಲಿಳಿದು, ಸಂತೆ ದಾಟಿ, ಸೇತುವೆ ಹತ್ತಿ, ಗೋಪುರದ ಬಾಗಿಲಿಗೆ ಬಂದು ನಿಂತೆ. ಮೂರು ಸಲ.

ಎಪ್ಪತ್ತೇಳು.

ಅಣ್ಣನ ಕೈಯಲ್ಲಿ ತೊಂಬತ್ತನಾಲ್ಕು ಕೊಟ್ಟ ಕಾರ್ಡು ನನ್ನ ಕೈಯಲ್ಲಿ ಎಪ್ಪತ್ತೇಳು. ಅಂದರೆ ಹೊಸ ಕಾರ್ಡು ಚೆನ್ನಾಗಿಯೇ ಇದೆ, ಕಂಪ್ಯೂಟರೂ ಚೆನ್ನಾಗಿಯೇ ಇದೆ. ಹೆಚ್ಚುಕಮ್ಮಿ ಇರುವುದು ನಡೆಯುವವರಲ್ಲಿ. ಮೊದಲು ಎದೆ ಹಗುರಾಯಿತು. ಮರುಕ್ಷಣವೇ ಇನ್ನೊಂದು ಪ್ರಶ್ನೆ ಎದ್ದಿತು. ನಾನು ಎಲ್ಲಿ ತಪ್ಪುತ್ತಿದ್ದೇನೆ?

ಅಣ್ಣ ನಡೆಯುವುದನ್ನು ಮತ್ತೆ ನೋಡಬೇಕಿತ್ತು. ಅಳೆಯುವಾಗ ನಾವು ಪರದೆಯನ್ನು ದಾಖಲಿಸುವುದಿಲ್ಲ, ದಾಖಲಿಸಿದರೆ ಅಂಕಿಗೆ ಏಟು ಬೀಳುತ್ತದೆ. ವಿಡಿಯೋದಲ್ಲಿ ತೋರಿಸುವ ಚಂದದ ದೃಶ್ಯಗಳನ್ನು ನಾನೇ ಬೇರೆಯಾಗಿ ಆಡಿ ಹಿಡಿಯುತ್ತೇನೆ. ಆದರೆ 'ನಾವು ಹೇಗೆ ಅಳೆಯುತ್ತೇವೆ' ಅಂತ ಒಂದು ವಿಡಿಯೋ ಹಿಂದೆ ಮಾಡಿದ್ದೆವು. ಅಣ್ಣನ ಹೆಗಲ ಹಿಂದೆ ಕ್ಯಾಮೆರಾ ಇಟ್ಟು ಅವನ ಕೈಗಳನ್ನು ಹಿಡಿದಿದ್ದೆ. ಎಷ್ಟು ಸಲ ಅದನ್ನು ಕತ್ತರಿಸಿ ಜೋಡಿಸಿದ್ದೆನೋ, ಆಗೆಲ್ಲ ನನ್ನ ಕಣ್ಣು ಅವನ ಬೆರಳುಗಳ ಮೇಲೆ. ಈ ಸಲ ಬೆರಳು ಬಿಟ್ಟು ಹಿಂದಿದ್ದ ಪರದೆ ನೋಡಿದೆ.

ಪರದೆಯ ತುಂಬ ಕಲ್ಲುಹಾಸು. ಬಂದರಿನಿಂದ ಗೋಪುರದವರೆಗೆ ಬರೀ ಕಲ್ಲುಹಾಸು. ಸಂತೆಯಲ್ಲಿ ಜನರ ಕಾಲು, ಗಾಡಿಗಳ ಗಾಲಿ. ಸೇತುವೆಯ ಮೇಲೆ ಹಲಗೆಗಳ ಸಂದು. ಅಣ್ಣ ಇಡೀ ಊರನ್ನು ತಲೆ ತಗ್ಗಿಸಿಕೊಂಡು ದಾಟಿದ್ದ.

ನಾನು ನಡೆಯುವುದು ತಲೆಯೆತ್ತಿ. ನನ್ನ ಪರದೆಯಲ್ಲಿ ಆಕಾಶ, ಮನೆಗಳ ಸಾಲು, ಸಂತೆಯ ಜನ, ಹಡಗಿನ ಪಟಗಳು, ದೂರದ ಬೆಟ್ಟ. ಅಷ್ಟನ್ನೂ ಕಾರ್ಡು ಮೂಡಿಸಬೇಕು. ನೆಲ ನೋಡುವವನಿಗೆ ಕಲ್ಲು ಮೂಡಿಸಿದರೆ ಸಾಕು. ಕಲ್ಲಿಗೇನು ಕಷ್ಟ? ಫ್ರೇಮುಗಳು ಸರಸರ ಬರುತ್ತವೆ.

ಅಣ್ಣ ಆಸ್ಪತ್ರೆಯಿಂದ ಬಂದ. ಕೂರಿಸಿ, ಅಂದರೆ ಕೂರಿಸಲು ನೋಡಿ, ಮೊದಲು ಆ ವಿಡಿಯೋ, ಆಮೇಲೆ ನಾನೇ ನಡೆದು, ಎರಡನ್ನೂ ತೋರಿಸಿದೆ. ತನ್ನ ನಡಿಗೆಯನ್ನು ನೋಡಿದ. ನನ್ನದು ಶುರುವಾದ ತಕ್ಷಣ ಕಣ್ಣು ಕಿಟಕಿಯ ಕಡೆ ಹೋಯಿತು.

"ಅದಕ್ಕೇನೀಗ? ಎಲ್ಲಾ ಕಾರ್ಡಿಗೂ ನಾನು ಹಾಗೇ ನಡೆದಿದ್ದೀನಿ. ಗಜಕಡ್ಡಿ ಒಂದಿಂಚು ಗಿಡ್ಡ ಇದ್ರೂ, ಎಲ್ಲದನ್ನೂ ಅದರಲ್ಲೇ ಅಳೆದ್ರೆ ಯಾವುದು ಉದ್ದ ಯಾವುದು ಗಿಡ್ಡ ಅಂತ ಗೊತ್ತಾಗಲ್ವಾ?"

ಮಾತು ನ್ಯಾಯವಾಗಿತ್ತು. ನಾನು ಒಪ್ಪಿಕೊಂಡೆ. ಆದರೂ ಮನಸ್ಸು ತಡೆಯಲಿಲ್ಲ. ಕಪಾಟಿನ ಕಾರ್ಡುಗಳನ್ನು ಒಂದೊಂದಾಗಿ ತೆಗೆದು ತಲೆಯೆತ್ತಿ ನಡೆಸುತ್ತಾ ಹೋದೆ. ಅಣ್ಣ ಮೆಟ್ಟಿಲ ಮೇಲೆ ಹತ್ತುವುದು ಇಳಿಯುವುದು ಮಾಡುತ್ತಿದ್ದ, ಪ್ರತಿ ಸಲವೂ ಬಾಗಿಲಲ್ಲಿ ತಲೆ ಹಾಕಿ "ಎಷ್ಟು?" ಅನ್ನುತ್ತಿದ್ದ. ಎಲ್ಲ ಅಂಕಿಗಳೂ ಇಳಿದವು, ಆದರೆ ಒಂದೇ ಸಮನಾಗಿ ಇಳಿದವು. ಸಾಲು ಬದಲಾಗಲಿಲ್ಲ. ಅಣ್ಣನ ಮುಖಕ್ಕೆ ಬಣ್ಣ ಮರಳಿತು.

ಆಮೇಲೆ ಚಿಕ್ಕ ಕಾರ್ಡಿನ ಸರದಿ ಬಂತು.

ಅದು ಅಣ್ಣನ ಮುದ್ದಿನ ಕಾರ್ಡು. ಗಾತ್ರ ಸಣ್ಣದು, ಸದ್ದು ಕಡಿಮೆ, ಅದರೊಳಗಿನ ಮೆಮೊರಿಯೂ ಕಡಿಮೆ. 'ಸಾಮಾನ್ಯ ಜನಕ್ಕೆ ಇದಕ್ಕಿಂತ ಇನ್ನೇನು ಬೇಕು' ಅಂತ ಬರೆದಿದ್ದ. ಅವನ ಮಾತು ನಂಬಿ ಎಷ್ಟೋ ಜನ ಅದನ್ನೇ ಕೊಂಡಿದ್ದರು. ಅವನ ಕೈಯಲ್ಲಿ ಅರವತ್ತೊಂದು ಕೊಟ್ಟಿತ್ತು. ಬೇರೆಯವು ಇಳಿದ ಲೆಕ್ಕದಲ್ಲಿ ಇದು ಐವತ್ತಕ್ಕೆ ನಿಲ್ಲಬೇಕಿತ್ತು.

ಸಂತೆಗೆ ಕಾಲಿಟ್ಟು ತಲೆಯೆತ್ತಿದೆ. ಪರದೆ ಒಂದು ಕ್ಷಣ ಕಲ್ಲಾಗಿ ನಿಂತು, ಜಗ್ಗಿ, ಮತ್ತೆ ಓಡಿತು. ನಾಲ್ಕು ಹೆಜ್ಜೆಗೆ ಮತ್ತೆ ನಿಂತಿತು. ದೂರದ್ದೂ ಹತ್ತಿರದ್ದೂ ಒಟ್ಟಿಗೆ ಹಿಡಿದಿಟ್ಟುಕೊಳ್ಳಲು ಅದರ ಮೆಮೊರಿ ಸಾಲುತ್ತಿರಲಿಲ್ಲ. ಹಳೆಯ ಗಾಡಿ ಏರು ಹತ್ತಿದಂತೆ ಏದುಸಿರು ಬಿಡುತ್ತಾ ಗೋಪುರ ಮುಟ್ಟಿತು.

ಅಣ್ಣ ಬಾಗಿಲಲ್ಲಿ ನಿಂತಿದ್ದ. "ಎಷ್ಟು?"

"ಮೂವತ್ತೆಂಟು. ಅದೂ ನಿಂತು ನಿಂತು."

"ಇನ್ನೊಂದ್ಸಲ ನಡಿ."

ನಡೆದೆ. ಅದೇ.

"ಎದ್ದೇಳು" ಅಂದ. ನನ್ನನ್ನು ಎಬ್ಬಿಸಿ ತಾನು ಕೂತ. ಎಡಗೈಯಲ್ಲಿ ಮೌಸ್ ಹಿಡಿದ. ಡಾಕ್ಟರು ಮುಟ್ಟಬೇಡಿ ಅಂದದ್ದು ಬಲಗೈಯಲ್ಲಿ, ಎಡಗೈಗೆ ಏನೂ ಅಂದಿಲ್ಲ ಅಂತ ಗೊಣಗಿದ. ಬಂದರಿನಿಂದ ಹೊರಟ. ಪರದೆಯ ತುಂಬ ಕಲ್ಲುಹಾಸು, ಅದರ ಮೇಲೆ ಚಿಕ್ಕ ಕಾರ್ಡು ಜಾರುಬಂಡಿಯ ಹಾಗೆ ಹೋಗುತ್ತಿತ್ತು.

"ನೋಡು, ಎಲ್ಲಿ ನಿಲ್ತಿದೆ?"

"ತಲೆ ಎತ್ತು ಅಣ್ಣ."

"ನಾನು ಯಾವಾಗ್ಲೂ..."

"ಒಂದೇ ಒಂದ್ಸಲ ಎತ್ತು. ಆಟ ಆಡೋರು ಯಾರೂ ಕಲ್ಲು ಎಣಿಸ್ಕೊಂಡು ಹೋಗಲ್ಲ."

ಎತ್ತಿದ. ಸಂತೆ ಪೂರ್ತಿ ಪರದೆಗೆ ಬಂತು. ಕಾರ್ಡು ಜಗ್ಗಿತು, ಜನ ಜಗ್ಗಿದರು, ಮನೆಗಳು ಜಗ್ಗಿದವು. ನಾನು ಪರದೆ ನೋಡುತ್ತಿದ್ದವಳು ಅಣ್ಣನ ಕಡೆ ತಿರುಗಿದೆ. ಮುಖ ಸುಣ್ಣದ ಹಾಗಾಗಿತ್ತು. ಹಣೆಯಲ್ಲಿ ಬೆವರು, ತುಟಿಗಳನ್ನು ಗಟ್ಟಿಯಾಗಿ ಒತ್ತಿ ಹಿಡಿದಿದ್ದ. ಸೇತುವೆ ಹತ್ತುವಷ್ಟರಲ್ಲಿ ಮೌಸ್ ಬಿಟ್ಟು ಎದ್ದು ಸಿಂಕಿನ ಹತ್ತಿರ ಓಡಿದ. ಮಧ್ಯಾಹ್ನ ತಿಂದದ್ದೆಲ್ಲ ಹೊರಗೆ ಬಂತು.

ನಾನು ನೀರು ತಂದುಕೊಟ್ಟೆ. ಬೆನ್ನು ಸವರಿದೆ. ಅವನು ನೆಲದ ಮೇಲೆ, ಗೋಡೆಗೆ ಒರಗಿ ಕೂತ. ಆ ವಾರದಲ್ಲಿ ಅವನು ಅಲುಗಾಡದೆ ಕೂತದ್ದು ಅದೇ ಮೊದಲು.

"ಎಷ್ಟು ದಿನದಿಂದ ಹೀಗೆ?"

"ಮೊದಲಿಂದ್ಲೂ" ಅಂದ. "ಚಿಕ್ಕವನಾಗಿದ್ದಾಗ ಬಸ್ಸಲ್ಲಿ ಕೂತ್ರೆ ಆಗ್ತಿತ್ತಲ್ಲ, ಅದೇ. ಪರದೆ ಮೇಲೆ ದೂರದ್ದು ಓಡಾಡಿದ್ರೆ ತಲೆ ತಿರುಗುತ್ತೆ. ಬೇರೆಯವರು ಆಡ್ತಿದ್ರಂತೂ ಕೇಳಲೇಬೇಡ. ಕೆಳಗೆ ನೋಡ್ಕೊಂಡು ನಡೆದ್ರೆ ಏನೂ ಆಗಲ್ಲ. ಹಾಗೇ ಅಭ್ಯಾಸವಾಗಿ ಹೋಯ್ತು. ಅಂಕಿ ಬದಲಾಗುತ್ತೆ ಅಂತ ಹೊಳೀಲೇ ಇಲ್ಲ, ಪುಟ್ಟಿ. ನಿಜವಾಗ್ಲೂ ಹೊಳೀಲಿಲ್ಲ."

"ನನಗಾದ್ರೂ ಹೇಳಬಹುದಿತ್ತಲ್ಲ."

"ಏನಂತ ಹೇಳ್ಲಿ? ಆಟದ ಕಾರ್ಡು ಅಳೆಯೋನಿಗೆ ಆಟ ನೋಡಿದ್ರೆ ವಾಂತಿ ಬರುತ್ತೆ ಅಂತಲಾ? ಅಡುಗೆ ಭಟ್ಟನಿಗೆ ಒಗ್ಗರಣೆ ಘಾಟು ಆಗಲ್ಲ ಅಂದ ಹಾಗೆ."

ಆಗ ಅತ್ತಿಗೆ ಬಂದರು. ಸಿಂಕನ್ನೂ ಗಂಡನನ್ನೂ ನನ್ನನ್ನೂ ಒಂದು ಸುತ್ತು ನೋಡಿ ಬ್ಯಾಗು ಕೆಳಗಿಟ್ಟರು. ನಾನು ಆದದ್ದನ್ನೆಲ್ಲ ಹೇಳಿದೆ. ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

"ಮದುವೆಯಾದಾಗಿನಿಂದ ಇವರು ನನ್ನ ಪಕ್ಕದ ಸೀಟಲ್ಲಿ ಕೂತಿಲ್ಲ. ಕೂತ್ರೆ ಆಗಲ್ಲ ಅಂತ ನನಗೆ ಗೊತ್ತು. ನನಗೆ ಗೊತ್ತು ಅಂತ ಇವರಿಗೆ ಗೊತ್ತಿರಲಿಲ್ಲ ಅಷ್ಟೆ" ಅಂದರು. ಆಮೇಲೆ ಅಣ್ಣನ ಕಡೆ ತಿರುಗಿ, "ಹೊಸಬರು ಕಾರು ಕಲಿಯೋಕೆ ಬಂದ್ರೆ ಮೊದಮೊದಲು ಬಾನೆಟ್ಟೇ ನೋಡ್ಕೊಂಡು ಓಡಿಸ್ತಾರೆ. ಹತ್ತಿರ ನೋಡಿದ್ರೆ ಧೈರ್ಯ. ನಾನು ಅವರಿಗೆ ಬೈಯಲ್ಲ. ಆದ್ರೆ ಲೈಸೆನ್ಸೂ ಕೊಡಿಸಲ್ಲ" ಅಂದರು.

ಅಣ್ಣ ಅವತ್ತೂ ನಡೆದುಕೊಂಡೇ ಹೋದ. ಈ ಸಲ ಅತ್ತಿಗೆಯೂ ಕಾರು ಅಲ್ಲೇ ಬಿಟ್ಟು ಅವನ ಜೊತೆ ನಡೆದರು.

ಮಾರನೆ ಬೆಳಗ್ಗೆ ನಾನು ಬರುವ ಹೊತ್ತಿಗೆ ಅಣ್ಣ ಕೋಣೆಯ ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದ. ಒಂದು ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದು ಮೇಜಿನ ಕೆಳಗಿತ್ತು.

"ಒಂದು ದಾರಿ ಇದೆ. ಹೊಸ ಕಾರ್ಡನ್ನ ನಾನು ಎಡಗೈಯಲ್ಲೇ ನೆಲ ನೋಡಿ ನಡೆಸಿಬಿಡ್ತೀನಿ. ಹಳೇ ಅಂಕಿಗಳ ಪಕ್ಕ ಅದು ಸರಿಯಾಗಿ ಕೂರುತ್ತೆ. ಯಾರಿಗೂ ಗೊತ್ತಾಗಲ್ಲ" ಅಂದ.

ನಾನು ಮೇಜಿನ ಕೆಳಗಿದ್ದ ಚಪ್ಪಲಿಯನ್ನು ಅವನ ಕಡೆ ತಳ್ಳಿದೆ.

"ಹೊಸ ಕಾರ್ಡಿನ ಮಟ್ಟಿಗೆ ಅದು ಸುಳ್ಳೂ ಅಲ್ಲ" ಅಂದ.

"ಅಲ್ಲ."

"ಚಿಕ್ಕದರ ಬಗ್ಗೆ ಈಗ ಯಾರೂ ಕೇಳ್ತಿಲ್ಲ."

"ಇಲ್ಲ."

"ಅಲ್ಲ, ಇಲ್ಲ ಅಂತ ಗಿಣಿ ತರ ಹೇಳಬೇಡ. ಬೈಯೋದಿದ್ರೆ ಬೈದುಬಿಡು."

"ನಾನ್ಯಾಕೆ ಬೈಯಲಿ? ನೀನೇ ಬೆಳಗ್ಗೆಯಿಂದ ನಿನ್ನ ಜೊತೆ ಜಗಳ ಆಡ್ತಿದ್ದೀಯ. ಮೂರನೆಯವಳು ಬೇಕಾಗಿಲ್ಲ."

ಅವನು ಇನ್ನೆರಡು ಸುತ್ತು ಹಾಕಿದ. ಕಪಾಟು ತೆರೆದು ಚಿಕ್ಕ ಕಾರ್ಡನ್ನು ಕೈಗೆತ್ತಿಕೊಂಡು, ಹಿಂದುಮುಂದು ತಿರುಗಿಸಿ ನೋಡಿ, ಮತ್ತೆ ಸ್ಪಂಜಿನ ಮೇಲೆ ಮಲಗಿಸಿದ. ಆಮೇಲೆ ಕಂಪನಿಯವಳಿಗೆ ಫೋನು ಮಾಡಿ, ಎಲ್ಲರ ಜೊತೆ ನಮ್ಮದು ಬರುವುದಿಲ್ಲ, ತಡವಾಗುತ್ತೆ ಅಂದ. ಬೆಣ್ಣೆಯ ದನಿ ಸ್ವಲ್ಪ ಗಟ್ಟಿಯಾದದ್ದು ನನಗೂ ಕೇಳಿಸಿತು. "ಕಾರ್ಡಲ್ಲಿ ದೋಷ ಇಲ್ಲ. ನನ್ನ ಕಣ್ಣಲ್ಲಿ ಇದೆ" ಅಂದ ಅಣ್ಣ. ಅವಳು ಅದನ್ನು ತಮಾಷೆ ಅಂದುಕೊಂಡು ನಕ್ಕಳು.

ಎಲ್ಲರೂ ಪ್ರಕಟಿಸಿದ ದಿನ ನಾವು ಬಾಯಿ ಮುಚ್ಚಿಕೊಂಡು ಕಾರ್ಡು ಹಾಕಿ ತೆಗೆಯುತ್ತಿದ್ದೆವು. ಮೀಟರಣ್ಣನ ಮೀಟರು ಕೆಟ್ಟಿದೆಯಾ ಅಂತ ಜನ ಕೇಳುತ್ತಿದ್ದರು. ಕಪಾಟಿನಲ್ಲಿದ್ದ ಪ್ರತಿ ಕಾರ್ಡನ್ನೂ ನಾನು ತಲೆಯೆತ್ತಿ ನಡೆಸಿದೆ. ಕೊನೆಕೊನೆಗೆ ಊಟಕ್ಕೆ ಕೂತರೂ ಕಣ್ಣ ಮುಂದೆ ಆ ಸಂತೆಯೇ ಬರುತ್ತಿತ್ತು. ಅಣ್ಣ ಬರೆಯುತ್ತಿದ್ದ, ಅಳಿಸುತ್ತಿದ್ದ, ಎದ್ದು ಹೋಗುತ್ತಿದ್ದ, ಬರುತ್ತಿದ್ದ. ಎಡಗೈಯಲ್ಲಿ ಟೈಪು ಮಾಡುವುದರಿಂದ ಬೈಗುಳವೂ ನಿಧಾನವಾಗಿ ಬರುತ್ತಿತ್ತು.

ಕೊನೆಗೆ ಬರೆದದ್ದರಲ್ಲಿ ಸುತ್ತಿ ಬಳಸಿದ ಮಾತಿರಲಿಲ್ಲ. ತನಗೆ ಪರದೆಯ ಓಟ ನೋಡಿದರೆ ತಲೆ ಸುತ್ತುತ್ತದೆ, ಅದಕ್ಕಾಗಿ ಇಷ್ಟು ದಿನ ನೆಲ ನೋಡಿಕೊಂಡು ನಡೆದು ಅಳೆದಿದ್ದೇನೆ, ಬಹುತೇಕ ಕಾರ್ಡುಗಳ ಸಾಲು ಅದರಿಂದ ಬದಲಾಗಿಲ್ಲ, ಒಂದರದ್ದು ಬದಲಾಗಿದೆ, ಅದರ ಬಗ್ಗೆ ನಾನು ಬರೆದ ಹೊಗಳಿಕೆಯನ್ನು ನಂಬಬೇಡಿ ಅಂತ ಬರೆದಿದ್ದ. ಕೆಳಗೆ ಎರಡೂ ನಡಿಗೆಯ ಅಂಕಿಗಳು ಪಕ್ಕಪಕ್ಕದಲ್ಲಿದ್ದವು. ವಿಡಿಯೋದಲ್ಲಿ ಅವನ ಕಲ್ಲುಹಾಸನ್ನೂ ನನ್ನ ಸಂತೆಯನ್ನೂ ಒಟ್ಟಿಗೆ ತೋರಿಸಿದೆ.

ಆಮೇಲೆ ಆಗಬೇಕಾದದ್ದು ಆಯಿತು. ಮೀಟರಣ್ಣ ಹೋಗಿ ನೆಲದಣ್ಣನಾದ. ಅವನ ತಲೆ ತಗ್ಗಿದ ಚಿತ್ರಗಳನ್ನು ಮಾಡಿ ಹಂಚಿದರು. ಚಿಕ್ಕ ಕಾರ್ಡು ಕೊಂಡವರಲ್ಲಿ ಕೆಲವರು ಬಾಯಿಗೆ ಬಂದ ಹಾಗೆ ಬೈದರು. ಅಣ್ಣ ಅವರೆಲ್ಲರಿಗೂ ಉತ್ತರ ಬರೆದ, ಯಾವ ಸೆಟ್ಟಿಂಗು ಇಳಿಸಿದರೆ ಜಗ್ಗುವುದು ಕಡಿಮೆಯಾಗುತ್ತೆ ಅಂತ ಒಬ್ಬೊಬ್ಬರಿಗೂ ವಿವರಿಸಿದ. ಒಬ್ಬ ಓದುಗ ಬರೆದದ್ದು ನನಗೆ ನೆನಪಿದೆ. ಅವನ ಆಟ ನಿಂತು ನಿಂತು ಓಡುತ್ತಿತ್ತಂತೆ. ಹಾಗೆ ಹೇಳಿದಾಗಲೆಲ್ಲ ಗೆಳೆಯರು, ಮೀಟರಣ್ಣನೇ ಚೆನ್ನಾಗಿದೆ ಅಂದಿದ್ದಾನೆ, ನಿನ್ನ ಕಣ್ಣೇ ಸರಿಯಿಲ್ಲ ಅಂತ ಅವನ ಬಾಯಿ ಮುಚ್ಚಿಸುತ್ತಿದ್ದರಂತೆ. 'ಈಗ ನನ್ನ ಕಣ್ಣು ಸರಿಯಾಯಿತು' ಅಂತ ಬರೆದಿದ್ದ. ಅಣ್ಣ ಅದನ್ನು ಓದಿ ಎದ್ದು ಕೆಳಗೆ ಹೋದವನು ಬಹಳ ಹೊತ್ತು ಬರಲಿಲ್ಲ.

ಕಂಪನಿಯ ಹೆಂಗಸು ಕೆಲವು ದಿನ ಫೋನು ಎತ್ತಲಿಲ್ಲ. ಆಮೇಲೆ ತಾನೇ ಮಾಡಿದಳು. ಹಳೆಯ ಕೆಲವು ಓದುಗರು ನಮ್ಮನ್ನು ಬಿಟ್ಟು ಹೋದರು. ಅವರು ಮರಳಿ ಬಂದರೋ ಇಲ್ಲವೋ ನನಗೆ ಗೊತ್ತಿಲ್ಲ.

ಹೊಲಿಗೆ ಬಿಚ್ಚಿದ ಮೇಲೂ ಅಣ್ಣ ನಡೆಯುವ ಕುರ್ಚಿಗೆ ಮರಳಲಿಲ್ಲ. ಈಗ ಹೊಸ ಕಾರ್ಡು ಬಂದರೆ ನಡೆಯುವುದು ನಾನೇ. ಅವನು ಬೆನ್ನು ತಿರುಗಿಸಿ, ಗೋಡೆಯ ಕಡೆ ಮುಖ ಮಾಡಿ, ಬೇರೊಂದು ಸಣ್ಣ ಪರದೆಯಲ್ಲಿ ಅಂಕಿ, ಶಾಖ, ಫ್ಯಾನಿನ ವೇಗ ನೋಡುತ್ತಾನೆ. ಕಾಲು ಮಾತ್ರ ಮೇಜಿನ ಕೆಳಗೆ ಹೊಲಿಗೆ ಯಂತ್ರ ತುಳಿದ ಹಾಗೆ ಆಡುತ್ತಲೇ ಇರುತ್ತದೆ.

ಮೊನ್ನೆ ಒಂದು ಕಾರ್ಡಿನ ಎರಡನೇ ನಡಿಗೆ ಮೊದಲನೆಯದಕ್ಕಿಂತ ಎರಡು ಫ್ರೇಮ್ ಕಡಿಮೆ ಬಂತು.

"ಎಲ್ಲಿ ಇಳೀತು? ಎಲ್ಲಿದ್ದೆ ನೀನು?" ಅಂದ ಗೋಡೆಯ ಕಡೆಯಿಂದಲೇ.

"ಸಂತೆ ದಾಟಿದ ಮೇಲೆ. ಮೂಲೆ ಮನೆ ಹತ್ತಿರ."

"ಅಲ್ಲೇನಿದೆ?"

"ಮಾಳಿಗೆ ಮೇಲೆ ಬಟ್ಟೆ ಒಣಹಾಕಿದ್ದಾರೆ, ಗಾಳಿಗೆ ಹಾರ್ತಿದೆ. ಪಕ್ಕದಲ್ಲಿ ನಾಯಿ ಮಲಗಿದೆ. ಈ ಸಲ ಸ್ವಲ್ಪ ಹೊತ್ತು ಆ ಕಡೆ ನೋಡಿಬಿಟ್ಟೆ ಅನ್ಸುತ್ತೆ."

"ನಾಯಿ? ಆ ಊರಲ್ಲಿ ನಾಯಿ ಇದೆಯಾ?"

"ಇದೆ. ಕಂದು ಬಣ್ಣದ್ದು. ಹತ್ತಿರ ಹೋದ್ರೆ ಒಂದು ಕಿವಿ ಎತ್ತುತ್ತೆ."

ಕುರ್ಚಿ ಕಿರ್ರೆಂದು ಅರ್ಧ ತಿರುಗಿತು. ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮತ್ತೆ ಗೋಡೆಯ ಕಡೆಗೆ ಹೋಯಿತು.

"ಸರಿ. ನಾಯಿನ ಇಷ್ಟೇ ಹೊತ್ತು ನೋಡಬೇಕು ಅಂತ ಒಂದು ನಿಯಮ ಮಾಡ್ಕೋ. ಇನ್ನೊಂದ್ಸಲ ನಡಿ" ಅಂದ.

ನಾನು ಮತ್ತೆ ಬಂದರಿನ ಮೆಟ್ಟಿಲಿಗೆ ಹೋಗಿ ನಿಂತೆ.